ಪಟ್ಟಿಯಲ್ಲಿಲ್ಲದ ಸಾಲು

ಮತ್ತೆ ಮತ್ತೆ ಓದಿ ಸವಿಯಬಹುದಾದ ಗಣಿತದ ಸಾಧನೆ ಯಾವುದು ಎಂದು ಕೇಳಿದರೆ, ಗೆಯಾರ್ಗ್ ಕ್ಯಾಂಟರ್ 1891ರಲ್ಲಿ ಮಂಡಿಸಿದ ಕರ್ಣವಾದ ಎನ್ನುತ್ತೇನೆ. ಅದಕ್ಕೆ ಬೇಕಾದದ್ದು ಎರಡೇ ಚಿಹ್ನೆ. ಸೊನ್ನೆ ಮತ್ತು ಒಂದು ಎಂದಿಟ್ಟುಕೊಳ್ಳೋಣ. ಇವನ್ನು ಮನಬಂದಂತೆ ಜೋಡಿಸುತ್ತಾ ಕೊನೆಯಿಲ್ಲದ ಸಾಲುಗಳನ್ನು ಕಟ್ಟಬಹುದು. ಅಂಥ ಸಾಲುಗಳನ್ನೆಲ್ಲ ಒಂದನೆಯದು, ಎರಡನೆಯದು, ಮೂರನೆಯದು ಎಂದು ಪಟ್ಟಿ ಮಾಡಿ ತಂದಿದ್ದೇನೆ ಎಂದು ಯಾರೋ ಹೇಳಿದರೆನ್ನಿ. ಕ್ಯಾಂಟರ್ ಆ ಪಟ್ಟಿಯಲ್ಲಿ ಓರೆಯಾಗಿ ಇಳಿಯುತ್ತಾನೆ. ಮೊದಲ ಸಾಲಿನ ಮೊದಲ ಅಂಕ, ಎರಡನೆಯದರ ಎರಡನೆಯ ಅಂಕ, ಮೂರನೆಯದರ ಮೂರನೆಯದು. ಸೊನ್ನೆ ಕಂಡಲ್ಲಿ ಒಂದು, ಒಂದು ಕಂಡಲ್ಲಿ ಸೊನ್ನೆ ಬರೆದುಕೊಳ್ಳುತ್ತಾ ಹೋಗುತ್ತಾನೆ. ಹೀಗೆ ಹುಟ್ಟಿದ ಸಾಲು ಪಟ್ಟಿಯ ಪ್ರತಿಯೊಂದು ಸಾಲಿಗಿಂತಲೂ ಒಂದು ಕಡೆಯಾದರೂ ಬೇರೆ. ಆದ್ದರಿಂದ ಅದು ಪಟ್ಟಿಯಲ್ಲಿಲ್ಲ.

ಮುಗಿಯಿತು. ಎಣಿಕೆಗೆ ಒಗ್ಗುವ ಅನಂತಕ್ಕಿಂತ ಹಿರಿದಾದ ಅನಂತ ಇದೆ ಎಂದು ಇಷ್ಟರಲ್ಲೇ ಸಿದ್ಧವಾಯಿತು. 1874ರಲ್ಲೇ ಅವನು ಬೇರೆ ದಾರಿಯಿಂದ ಇಲ್ಲಿಗೆ ಬಂದಿದ್ದ. ಆ ದಾರಿಗೆ ಸಂಖ್ಯಾರೇಖೆಯ ಸೂಕ್ಷ್ಮ ಗುಣಗಳೆಲ್ಲ ಬೇಕಿದ್ದವು. ಈ ಸಲ ಎರಡೇ ಸ್ವರದಲ್ಲಿ ರಾಗದ ಮುಖ ತೋರಿಸುವ ಗಾಯಕನಂತೆ ಕಾಣುತ್ತಾನೆ. ನನ್ನನ್ನು ಹೆಚ್ಚು ಸೆಳೆಯುವುದು, ಹೊರಗಿನಿಂದ ಏನನ್ನೂ ತರದ ಅವನ ಸಂಯಮ. ಪಟ್ಟಿಯಲ್ಲಿ ಬಿಟ್ಟುಹೋದದ್ದು ಯಾವುದೆಂದು ಪಟ್ಟಿಯೇ ಹೇಳಿಕೊಡುತ್ತದೆ. ಆ ಹೊಸ ಸಾಲನ್ನೂ ಸೇರಿಸಿಕೊಳ್ಳಿ; ಮತ್ತೆ ಓರೆಯಾಗಿ ಇಳಿದರೆ ಇನ್ನೊಂದು ಸಿಗುತ್ತದೆ.

ಇದೇ ತಿರುವನ್ನು ಬೆನ್ನಟ್ಟಿ ಹೋದ ಬರ್ಟ್ರಂಡ್ ರಸೆಲ್‌ಗೆ 1901ರಲ್ಲಿ ಎದುರಾದದ್ದು, ತಮಗೆ ತಾವೇ ಸದಸ್ಯರಲ್ಲದ ಗಣಗಳ ಗಣ. ಅದು ತನಗೆ ತಾನು ಸದಸ್ಯನೇ? ಹೌದೆಂದರೆ ಅಲ್ಲ, ಅಲ್ಲವೆಂದರೆ ಹೌದು. ಗಣಗಳನ್ನು ಮನಸ್ಸಿಗೆ ಬಂದಂತೆ ಕಟ್ಟುವ ಸ್ವಾತಂತ್ರ್ಯ ಅಲ್ಲಿಗೆ ಹೋಯಿತು. 1908ರಲ್ಲಿ ತ್ಸೆರ್ಮೆಲೋ ಸ್ವಯಂಸಿದ್ಧಗಳ ಬೇಲಿ ಹಾಕಿದ.

ಆ ಬೇಲಿಯೊಳಗೂ ಒಂದು ಪ್ರಶ್ನೆ ಉತ್ತರ ಸಿಗದೆ ಉಳಿಯಿತು. ಎಣಿಕೆಯ ಅನಂತಕ್ಕೂ ಅದಕ್ಕಿಂತ ಹಿರಿದಾದ ಸಂಖ್ಯಾರೇಖೆಯ ಅನಂತಕ್ಕೂ ನಡುವೆ ಇನ್ನೊಂದು ಗಾತ್ರವಿದೆಯೇ? ಇಲ್ಲವೆಂದೇ ಕ್ಯಾಂಟರ್ ನಂಬಿದ್ದ. 1900ರಲ್ಲಿ ಹಿಲ್ಬರ್ಟ್ ತಾನು ಗಣಿತಲೋಕದ ಮುಂದಿಟ್ಟ ಸಮಸ್ಯೆಗಳಲ್ಲಿ ಇದಕ್ಕೇ ಮೊದಲ ಸ್ಥಾನ ಕೊಟ್ಟ. ಒಪ್ಪಿತ ಸ್ವಯಂಸಿದ್ಧಗಳಲ್ಲಿ ವಿರೋಧವಿಲ್ಲವಾದರೆ, ಕ್ಯಾಂಟರನ ಊಹೆ ಸುಳ್ಳೆಂದು ಅವುಗಳಿಂದ ತೋರಿಸಲಾಗದು ಎಂದು ಗೋಡೆಲ್ 1938ರಲ್ಲಿ ಸಾಧಿಸಿದ. ನಿಜವೆಂದೂ ತೋರಿಸಲಾಗದು ಎಂದು ಪಾಲ್ ಕೊಹೆನ್ 1963ರಲ್ಲಿ ಸಾಧಿಸಿದ.

ಹಾಗಾದರೆ ಅದು ನಿಜವೋ ಸುಳ್ಳೋ ಎಂದು ಕೇಳುವುದಕ್ಕೇ ಅರ್ಥವಿಲ್ಲವೇ? ಅರ್ಥವಿದೆ ಎಂಬುದು ಗೋಡೆಲನ ನಿಲುವು. ಗಣಗಳು ನಾವು ಕಲ್ಪಿಸಿಕೊಂಡವಲ್ಲ, ಇರುವಂಥವು. ಕೊರತೆ ನಮ್ಮ ಸ್ವಯಂಸಿದ್ಧಗಳಲ್ಲಿದೆ, ಹೊಸತನ್ನು ಹುಡುಕಬೇಕು ಎಂದು ಅವನು ವಾದಿಸಿದ. ನನ್ನ ಮನಸ್ಸು ಅವನ ಕಡೆಗೇ ವಾಲುತ್ತದೆ. ಓರೆಯಾಗಿ ಇಳಿದಾಗ ಸಿಗುವ ಆ ಸಾಲನ್ನು ಕ್ಯಾಂಟರ್ ಹೊಸದಾಗಿ ಮಾಡಿದ ಎನ್ನಲು ನನಗೆ ನಾಲಿಗೆ ಏಳುವುದಿಲ್ಲ. ಹುಡುಕಾಟವಂತೂ ನಿಂತಿಲ್ಲ. ಊಹೆ ಸುಳ್ಳು ಎಂಬ ಪಕ್ಷಕ್ಕೆ ಗಟ್ಟಿ ವಾದಗಳನ್ನು ಕಟ್ಟಿಕೊಟ್ಟಿದ್ದ ಹ್ಯೂ ವುಡಿನ್, ಮುಂದೆ ತನ್ನದೇ ಸಂಶೋಧನೆಯ ಜಾಡು ಹಿಡಿದು ಅದು ನಿಜ ಎನ್ನುವ ಕಡೆಗೆ ಹೊರಳಿದ.