ಕಂಪೈಲರುಗಳ ಪರೀಕ್ಷೆಯೂ ದೋಷಗಳ ದಾಖಲೆಯೂ

ಬೆಂಗಳೂರಿನ ದಕ್ಷಿಣಕ್ಕೆ, ಕನಕಪುರದ ರಸ್ತೆಯ ಮೇಲಿರುವ ತಲಘಟ್ಟಪುರದಲ್ಲಿ ರಾಜ್ಯದ ರೇಷ್ಮೆ ಸಂಶೋಧನ ಸಂಸ್ಥೆಯುಂಟು. ಮೊಟ್ಟೆಯಿಟ್ಟ ತಾಯಿಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ನೋಡಿ, ಪೆಬ್ರಿನ್ ರೋಗದ ಕಣಗಳು ಕಂಡರೆ ಆ ಮೊಟ್ಟೆಗಳನ್ನೆಲ್ಲ ನಾಶಮಾಡುವ ಪದ್ಧತಿಯು ರೇಷ್ಮೆಯ ಕಸುಬನ್ನು ಬಲ್ಲವರಿಗೆ ಪರಿಚಿತವಾದುದೇ. 1860ರ ದಶಕದಲ್ಲಿ ಲೂಯಿ ಪಾಸ್ತರನು ರೂಪಿಸಿದ ಈ ಪರೀಕ್ಷೆಯ ಬಲವೆಲ್ಲ, ರೋಗವು ತಾಯಿಯಿಂದ ಮೊಟ್ಟೆಗೆ ಇಳಿಯುವುದೆಂಬ ನಿಯಮದಲ್ಲಿದೆ. ಕಂಪೈಲರಿನ ಸ್ಥಿತಿ ಇದಕ್ಕೆ ತಲೆಕೆಳಗು. ಮನುಷ್ಯನು ಬರೆದ ಪ್ರೋಗ್ರಾಮನ್ನು ಯಂತ್ರದ ಭಾಷೆಗೆ ತಿರುಗಿಸುವ ಈ ತಂತ್ರಾಂಶವೇ ತಾಯಿ. ಅದರ ದೋಷ ಪ್ರೋಗ್ರಾಮುಗಳಿಗೆ ಇಳಿಯುತ್ತದೆ. ಆದರೆ ಇಲ್ಲಿ ಪರೀಕ್ಷಕನ ಕಣ್ಣಿಗೆ ಬೀಳುವುದು ಮೊಟ್ಟೆಗಳು ಮಾತ್ರ. ಸಾವಿರ ಮೊಟ್ಟೆ ಶುದ್ಧವಾಗಿದ್ದರೂ ತಾಯಿಯು ನಿರೋಗಿಯೆಂದು ಹೇಳುವಂತಿಲ್ಲ. ಪ್ರೋಗ್ರಾಮು ಬರೆದವನಾದರೋ ಫಲ ಕೆಟ್ಟಾಗ ತಪ್ಪನ್ನು ತನ್ನ ಬರಹದಲ್ಲಿಯೇ ಹುಡುಕುತ್ತ ದಿನಗಳೆಯುತ್ತಾನೆ.

ಈ ಕಷ್ಟಕ್ಕೆ ವಿದ್ವಾಂಸರು ಕಂಡ ಉಪಾಯವು ಗ್ರಂಥಸಂಪಾದಕರಿಗೆ ಹೊಸದಲ್ಲ. ಅಮೆರಿಕದ ಯೂಟಾ ವಿಶ್ವವಿದ್ಯಾನಿಲಯದ ಯಾಂಗ್, ಚೆನ್, ಐಡ್, ರೆಗೆರ್ ಎಂಬವರು 2011ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ‘ಸಿಸ್ಮಿತ್’ ಎಂಬ ಸಾಧನದ ವಿವರವಿದೆ. ಅದು ಸಿ ಭಾಷೆಯಲ್ಲಿ ಯದೃಚ್ಛೆಯಾಗಿ ಪ್ರೋಗ್ರಾಮುಗಳನ್ನು ಹೊಸೆಯುತ್ತದೆ. ಒಂದೇ ಪ್ರೋಗ್ರಾಮನ್ನು ಹಲವು ಕಂಪೈಲರುಗಳಿಗೆ ಕೊಟ್ಟು, ಬಂದ ಉತ್ತರಗಳನ್ನು ಓಲೆಗರಿಯ ಪ್ರತಿಗಳಂತೆ ಹೋಲಿಸುತ್ತಾರೆ. ಮೂರು ವರ್ಷಗಳಲ್ಲಿ 325ಕ್ಕೂ ಮಿಕ್ಕ ದೋಷಗಳು ಹೀಗೆ ಹೊರಬಿದ್ದುವು. ಭಾಷೆಯ ನಿಯಮವೇ ಅರ್ಥವನ್ನು ನಿಶ್ಚಯಿಸದೆ ಬಿಟ್ಟಿರುವ ಕಡೆಗಳಲ್ಲಿ ಉತ್ತರಭೇದವು ದೋಷವಲ್ಲವೆಂದು, ಅಂತಹ ಪ್ರಯೋಗಗಳು ನುಸುಳದಂತೆ ಅವರು ವಹಿಸಿದ ಎಚ್ಚರಿಕೆಯೇ ಈ ಕಾರ್ಯದ ನಿಜವಾದ ಹಿರಿಮೆ. ಆದರೂ ಒಂದು ಆಕ್ಷೇಪಕ್ಕೆ ಎಡೆಯಿದೆ. ಒಂದೇ ಮಾತೃಕೆಯಿಂದ ಇಳಿದ ಹತ್ತು ಪ್ರತಿಗಳ ಒಮ್ಮತಕ್ಕೆ ಒಂದು ಪ್ರತಿಯ ಬೆಲೆಯೇ. ನಿಯಮವನ್ನು ಒಂದೇ ಬಗೆಯಾಗಿ ತಪ್ಪು ತಿಳಿದ ಕಂಪೈಲರುಗಳ ಒಮ್ಮತವೂ ಅಂತಹುದೇ.

ಬೆಂಗಳೂರಿನಲ್ಲಿಯೇ ಇದಕ್ಕೆ ನಿದರ್ಶನ ದೊರೆಯುತ್ತದೆ. ಭಾರತೀಯ ವಿಜ್ಞಾನ ಸಂಸ್ಥೆಯ ಉದಯ್ ಬೊಂದುಗುಲ ಅವರು ಅಮೆರಿಕದಲ್ಲಿ ವ್ಯಾಸಂಗಮಾಡುತ್ತಿದ್ದಾಗ ಸಂಗಡಿಗರೊಡನೆ ರಚಿಸಿ 2008ರಲ್ಲಿ ವಿವರಿಸಿದ ‘ಪ್ಲೂಟೋ’ ಎಂಬ ಮುಕ್ತ ತಂತ್ರಾಂಶವು, ಸಿ ಭಾಷೆಯ ಆವರ್ತಗಳ ಕ್ರಮವನ್ನು ಬದಲಿಸಿ ಅವು ಅನೇಕ ಸಂಸ್ಕಾರಕಗಳ ಮೇಲೆ ಒಟ್ಟಿಗೆ ನಡೆಯುವಂತೆ ಮಾಡುತ್ತದೆ. ಇಲ್ಲಿ ಬೇರೆ ಕಂಪೈಲರನ್ನು ಸಾಕ್ಷಿಗೆ ಕರೆಯಬೇಕಾಗಿಲ್ಲ; ಮೂಲ ಪ್ರೋಗ್ರಾಮೇ ಮಾತೃಕೆ. ಮೂಲದ ಉತ್ತರವನ್ನೂ ಮಾರ್ಪಟ್ಟುದರ ಉತ್ತರವನ್ನೂ ಮುಂದುಮುಂದಿಟ್ಟು ನೋಡಿದರೆ ಸಾಕು. ಆದರೆ ಲೆಕ್ಕವನ್ನು 32ರ ತುಂಡುಗಳಾಗಿ ಕತ್ತರಿಸುವಲ್ಲಿ 32ರಿಂದ ನಿಶ್ಶೇಷವಾಗಿ ಭಾಗವಾಗುವ ಅಳತೆಗಳನ್ನೇ ಪರೀಕ್ಷೆಗೆ ಆಯ್ದುಕೊಂಡರೆ, ಅಂಚಿನ ತುಂಡಿನಲ್ಲಿರುವ ತಪ್ಪು ಎಂದಿಗೂ ಕಾಣದು. ಪರೀಕ್ಷೆಯ ಸತ್ತ್ವವಿರುವುದು ಎಣಿಕೆಯಲ್ಲಲ್ಲ, ಆಯ್ಕೆಯಲ್ಲಿ.

ದೋಷದ ದಾಖಲೆಯಲ್ಲಿ ಜಿಸಿಸಿ ಕಂಪೈಲರಿನ ಪರಿಪಾಟಿ ಶ್ಲಾಘ್ಯವಾದುದು. 1987ರಲ್ಲಿ ಹೊರಬಂದ ಈ ಕೃತಿಯಲ್ಲಿ ದೋಷವನ್ನು ತಿಳಿಸುವವನಿಂದ, ಅದನ್ನು ಯಾರು ಬೇಕಾದರೂ ಮರಳಿ ಕಾಣಬಹುದಾದ ಸಣ್ಣ ಉದಾಹರಣೆಯನ್ನು ಬೇಡುತ್ತಾರೆ. ದೋಷವನ್ನು ತಿದ್ದಿದ ಮೇಲೂ ಆ ಉದಾಹರಣೆಯನ್ನು ಬಿಸುಡುವುದಿಲ್ಲ. ದೋಷದ ಕ್ರಮಸಂಖ್ಯೆಯನ್ನೇ ಹೆಸರಾಗಿ ಹೊತ್ತು ಅದು ಪರೀಕ್ಷೆಗಳ ಸಾಲಿಗೆ ಸೇರುತ್ತದೆ. ಪಾಠಾಂತರವನ್ನು ಪುಟದ ಕೆಳಗೆ ಉಳಿಸಿಕೊಳ್ಳುವ ಸಂಪಾದಕನ ಪ್ರಾಮಾಣಿಕತೆಯೇ ಇದು.

ಎಲ್‌ಎಲ್‌ವಿಎಂ ಎಂಬ ಮತ್ತೊಂದು ಮುಕ್ತ ಕೃತಿಯಲ್ಲಿ ರೂಢವಾಗಿರುವ ಒಂದು ಅನುಕೂಲವನ್ನು ಮಾತ್ರ ಸಂದೇಹದಿಂದ ನೋಡಬೇಕಾಗಿದೆ. ಅಲ್ಲಿಯ ಅನೇಕ ಪರೀಕ್ಷೆಗಳು ಉತ್ತರದ ಫಲವನ್ನಲ್ಲ, ಕಂಪೈಲರು ಬರೆದ ಸಾಲುಗಳ ರೂಪವನ್ನೇ ನಿರೀಕ್ಷಿತದೊಡನೆ ತಾಳೆನೋಡುತ್ತವೆ. ರೂಪ ಬದಲಾದಾಗ ನಿರೀಕ್ಷಿತ ಸಾಲುಗಳನ್ನು ಹೊಸದಾಗಿ ತುಂಬಿಕೊಡುವ ಸಾಧನವೂ ಸಿದ್ಧವಾಗಿದೆ. ನೂರಾರು ಪರೀಕ್ಷೆಗಳನ್ನು ಕೈಯಿಂದ ತಿದ್ದುವ ಶ್ರಮ ಇದರಿಂದ ತಪ್ಪಿತೆಂಬುದು ನಿಜ. ಆದರೆ ಹಾಗೆ ತುಂಬಿದ ಸಾಲುಗಳನ್ನು ಯಾರೂ ಓದದಿದ್ದರೆ, ಪ್ರಮಾದಪಾಠವೇ ಮೂಲಪಾಠವೆಂದು ಅಚ್ಚಾಗುತ್ತದೆ. ಮುಂದೆ ಅದನ್ನು ಸರಿಪಡಿಸಹೊರಟವನ ತಿದ್ದುಪಡಿಯನ್ನೇ ಪರೀಕ್ಷೆಯು ತಪ್ಪೆಂದು ಸಾರುತ್ತದೆ. ಅಂತಹ ವೇಳೆಯಲ್ಲಿ ಅವನಿಗೆ ಆಸರೆ ಹಳೆಯ ದಾಖಲೆಯೊಂದೇ. 2021ರಲ್ಲಿ ಎಲ್‌ಎಲ್‌ವಿಎಂನವರು ತಮ್ಮ ದೋಷಪಟ್ಟಿಯನ್ನು ಗಿಟ್‌ಹಬ್ಬಿಗೆ ಸಾಗಿಸಿದಾಗ, ಪ್ರತಿಯೊಂದು ದೋಷದ ಜೊತೆಗೆ ಅದರ ಹಳೆಯ ಕ್ರಮಸಂಖ್ಯೆಯನ್ನೂ ಬರೆದಿಟ್ಟರು.