ಆಕಾಶಗಂಗೆ: ಮೊದಲು ಕಪ್ಪನ್ನು ನೋಡಿ

ಪರದೆಯ ಮೇಲಿನ ನೇರಳೆ, ಗುಲಾಬಿ ಬಣ್ಣದ ಆಕಾಶಗಂಗೆಗೆ ಒಗ್ಗಿದವರಿಗೆ ನಿಜವಾದದ್ದು ಮೊದಲ ನೋಟಕ್ಕೆ ಸಪ್ಪೆ ಎನಿಸುತ್ತದೆ. ಬರಿಗಣ್ಣಿಗೆ ಕಾಣುವುದು ಬೂದು ಬಣ್ಣದ ಮಬ್ಬು ಪಟ್ಟಿ. ಆ ರಂಗೆಲ್ಲ ಕ್ಯಾಮೆರಾ ಬಹಳ ಹೊತ್ತು ಬೆಳಕು ಕೂಡಿಹಾಕಿ ತಂದದ್ದು. ಹಾಗಾಗಿ ಫೋಟೊಗಳನ್ನು ಮರೆತು, ಏಪ್ರಿಲ್ ಅಮಾವಾಸ್ಯೆಯ ಆಸುಪಾಸು ಪೇಟೆಯ ದೀಪ ತಟ್ಟದ ಬಯಲಿಗೆ ಚಾಪೆ ಹಿಡಿದು ಹೋಗಿ. ಕಣ್ಣು ಕತ್ತಲಿಗೆ ಪಳಗಲು ಅರ್ಧ ಗಂಟೆ ಬೇಕು, ಅಲ್ಲಿಯವರೆಗೆ ಮೊಬೈಲ್ ಮುಟ್ಟಬೇಡಿ. ಏಪ್ರಿಲ್ಲೇ ಯಾಕೆಂದರೆ, ಮಳೆಗಾಲದ ಮೋಡ ಕವಿಯುವ ಮುನ್ನ, ಗ್ಯಾಲಕ್ಸಿಯ ಹೊರ ಅಂಚು, ನೆತ್ತಿಯ ಬಯಲು, ನಡುಭಾಗ ಮೂರನ್ನೂ ಒಂದೇ ರಾತ್ರಿಯಲ್ಲಿ ನೋಡಬಹುದು.

ಆಕಾರ ಮೊದಲೇ ಮನಸ್ಸಿನಲ್ಲಿರಲಿ. ಅಗಲ ಸುಮಾರು 1 ಲಕ್ಷ ಜ್ಯೋತಿರ್ವರ್ಷ, ದಪ್ಪ ಸಾವಿರದ ಆಸುಪಾಸು; ಹಪ್ಪಳದಷ್ಟು ತೆಳು. ನಡುವೆ ಉಬ್ಬಿಕೊಂಡ ಉದ್ದನೆಯ ದಿಂಡು, ಅದರಿಂದ ಸುರುಳಿ ಬಿಚ್ಚಿದ ತೋಳುಗಳು, ಒಟ್ಟು 10,000 ಕೋಟಿಗೂ ಹೆಚ್ಚು ನಕ್ಷತ್ರ. ಕೇಂದ್ರದಿಂದ ಸುಮಾರು 26,000 ಜ್ಯೋತಿರ್ವರ್ಷ ಆಚೆ, ಆ ತೆಳುವಿನೊಳಗೇ ನಾವೂ ಹುದುಗಿದ್ದೇವೆ. ಉದ್ದಕ್ಕೆ ನೋಡಿದರೆ ನಕ್ಷತ್ರಗಳು ಒತ್ತಾಗಿ ಪಟ್ಟಿಯಾಗುತ್ತವೆ, ಅಡ್ಡಕ್ಕೆ ನೋಡಿದರೆ ಬೇಗ ಮುಗಿದುಹೋಗುತ್ತವೆ.

ರಾತ್ರಿ ಎಂಟಕ್ಕೆ ವೃಷಭ ಪಡುವಣಕ್ಕೆ ಇಳಿಯುತ್ತಿರುತ್ತದೆ. ಅದರ ಉತ್ತರದ ಕೊಂಬಿನ ತುದಿಯ ಕಡೆ ನೋಡುವುದೆಂದರೆ ಕೇಂದ್ರಕ್ಕೆ ಬೆನ್ನು ಹಾಕಿ ನಿಂತಂತೆ. ಅಲ್ಲಿ ಪಟ್ಟಿ ಎಷ್ಟು ಪೇಲವವೆಂದರೆ ಹಲವರು ಗಮನಿಸುವುದೇ ಇಲ್ಲ. ಗಮನಿಸಿ, ಬೆಳಗಿನ ಜಾವ ಹೋಲಿಸಿ ನೋಡಲು ಬೇಕಾಗುತ್ತದೆ.

ಹನ್ನೊಂದರ ಹೊತ್ತಿಗೆ ತಲೆ ಎತ್ತಿ. ಉತ್ತರೆ ಮತ್ತು ಸ್ವಾತಿಯ ನಡುವಿನ ಬಡಕಲು ಜಾಗವೇ ಗ್ಯಾಲಕ್ಸಿಯ ಉತ್ತರ ಧ್ರುವದ ದಿಕ್ಕು. ಪಟ್ಟಿ ಈಗ ದಿಗಂತಕ್ಕೆ ಜಾರಿರುತ್ತದೆ, ನೋಟ ಹಪ್ಪಳದಿಂದ ನೆಟ್ಟಗೆ ಆಚೆ ಹೋಗುತ್ತದೆ. ಏನೂ ಇಲ್ಲದ ಈ ಜಾಗವೇ ರಾತ್ರಿಯ ಅತ್ಯಂತ ಸೊಗಸಾದ ಪಾಠ ಎಂದು ನನಗನಿಸುತ್ತದೆ. ಸ್ವಾತಿಯ ಮೇಲೂ ಒಂದು ಗಳಿಗೆ ಕಣ್ಣಿಡಿ. 37 ಜ್ಯೋತಿರ್ವರ್ಷದಷ್ಟು ಹತ್ತಿರದಲ್ಲಿದ್ದರೂ ಅದು ಸೂರ್ಯನ ಜೊತೆಗಾರನಲ್ಲ. ನಮ್ಮ ನೆರೆಯನ್ನು ವೇಗವಾಗಿ ಹಾದುಹೋಗುತ್ತಿರುವ ಹಳೆಯ ನಕ್ಷತ್ರ. ಹಳೆಯ ದಾಖಲೆಗಳೊಂದಿಗೆ ತಾಳೆ ಹಾಕಿ ಅದು ಜಾಗ ಬದಲಿಸಿದ್ದನ್ನು ಎಡ್ಮಂಡ್ ಹ್ಯಾಲಿ 1718ರಲ್ಲೇ ಗುರುತಿಸಿದ್ದ.

ಚಿತ್ತಾ ನಕ್ಷತ್ರ ದಕ್ಷಿಣದಲ್ಲಿ ನೆಟ್ಟಗೆ ನಿಂತಾಗ, ಕೈ ಚಾಚಿ ಮೂರೂವರೆ ಮುಷ್ಟಿ ಕೆಳಗೆ ಅಳೆಯಿರಿ. ಮಸುಕು ಚುಕ್ಕೆಯೊಂದು ಸಿಗುತ್ತದೆ. ಅದು ಒಮೆಗಾ ಸೆಂಟಾರಿ, ಸುಮಾರು 17,000 ಜ್ಯೋತಿರ್ವರ್ಷ ದೂರದಲ್ಲಿ ಲಕ್ಷಾಂತರ ನಕ್ಷತ್ರಗಳು ಉಂಡೆಕಟ್ಟಿದ ಗುಚ್ಛ. ನಮ್ಮ ಗ್ಯಾಲಕ್ಸಿ ನುಂಗಿಹಾಕಿದ ಸಣ್ಣ ಗ್ಯಾಲಕ್ಸಿಯೊಂದರ ತಿರುಳು ಎಂದು ಹಲವು ಖಗೋಳಜ್ಞರು ನಂಬುತ್ತಾರೆ. ಲಂಡನ್ನಿನವರಿಗೆ ಇದು ಹುಟ್ಟುವುದೇ ಇಲ್ಲ.

ಇನ್ನು ಸ್ವಲ್ಪ ನಿದ್ದೆ ಮಾಡಿ ನಾಲ್ಕಕ್ಕೆ ಏಳಿ. ದಕ್ಷಿಣದಲ್ಲಿ ವೃಶ್ಚಿಕ, ಈಶಾನ್ಯದಲ್ಲಿ ಹಂಸ, ನಡುವೆ ಪಟ್ಟಿ ಕಮಾನು ಕಟ್ಟಿರುತ್ತದೆ. ಹೊಸಬರು ಬೆಳಕನ್ನೇ ನೋಡುತ್ತಾರೆ. ನೀವು ಕಪ್ಪನ್ನು ನೋಡಿ. ಹಂಸದಿಂದ ಶುರುವಾಗಿ ಪಟ್ಟಿಯನ್ನು ಉದ್ದಕ್ಕೆ ಸೀಳಿಕೊಂಡು ಬರುವ ಆ ಕರಿ ಬಿರುಕು ಖಾಲಿ ಜಾಗವಲ್ಲ, ಹಿಂದಿನ ಬೆಳಕಿಗೆ ಅಡ್ಡ ನಿಂತ ಧೂಳು. ಈ ಧೂಳು ದೊಡ್ಡವರನ್ನೂ ಏಮಾರಿಸಿದೆ. 1785ರಲ್ಲಿ ವಿಲಿಯಂ ಹರ್ಷೆಲ್ ದಿಕ್ಕುದಿಕ್ಕಿಗೂ ನಕ್ಷತ್ರ ಎಣಿಸಿ, ಸೂರ್ಯನನ್ನು ಹೆಚ್ಚುಕಡಿಮೆ ಕೇಂದ್ರದಲ್ಲೇ ಕೂರಿಸಿಬಿಟ್ಟ. ಎಲ್ಲ ಕಡೆಯೂ ದೂರದ್ದು ಮರೆಯಾಗಿತ್ತು. 1918ರಲ್ಲಿ ಹಾರ್ಲೋ ಶಾಪ್ಲಿ ಹಿಡಿದ ದಾರಿ ಬೇರೆ. ಒಮೆಗಾ ಸೆಂಟಾರಿಯಂಥ ಗುಚ್ಛಗಳಲ್ಲಿ ಹೆಚ್ಚಿನವು ಧೂಳಿನ ಪದರದ ಮೇಲೆ, ಕೆಳಗೆ ತೂಗಾಡುತ್ತವೆ. ಅವು ಧನು ರಾಶಿಯ ಕಡೆ ಮುತ್ತಿಕೊಂಡಿರುವುದನ್ನು ಕಂಡು, ಕೇಂದ್ರ ಅತ್ತ ಇದೆ, ನಾವು ಬದಿಯಲ್ಲಿದ್ದೇವೆ ಎಂದ. ನಕ್ಷತ್ರಗಳ ನಡುವೆ ಎಲ್ಲೆಡೆ ಧೂಳು ಹರಡಿದೆ ಎಂಬುದನ್ನು ರಾಬರ್ಟ್ ಟ್ರಂಪ್ಲರ್ ಸಾಧಿಸಿ ತೋರಿಸಿದ್ದು 1930ರಲ್ಲಿ.

ಆ ಕೇಂದ್ರವನ್ನು ನೀವೇ ಗುರಿಯಿಡಬಹುದು. ಚೇಳಿನ ಕೊಂಡಿ, ಅಂದರೆ ಮೂಲಾ, ಮತ್ತು ಅದರ ಎಡಕ್ಕಿರುವ ಧನುವಿನ ಬಾಣದ ತುದಿ. ಇವೆರಡರ ನಡುವೆ, ತುಸು ಮೇಲೆ. ಏನೂ ಕಾಣುವುದಿಲ್ಲ. ಅಲ್ಲಿಂದ ಹೊರಟ ಕಣ್ಣಿಗೆ ಕಾಣುವಂಥ ಬೆಳಕಿನಲ್ಲಿ ಸುಮಾರು ಲಕ್ಷ ಕೋಟಿಗೆ ಒಂದು ಪಾಲು ಮಾತ್ರ ಧೂಳು ದಾಟಿ ಬರುತ್ತದೆ. ಅವಕೆಂಪು ಕಿರಣಗಳು ದಾಟುತ್ತವೆ. ಅವುಗಳ ನೆರವಿನಿಂದ ಅಲ್ಲಿ ಗಿರಕಿ ಹೊಡೆಯುವ ನಕ್ಷತ್ರಗಳನ್ನು ವರ್ಷಗಟ್ಟಲೆ ಹಿಂಬಾಲಿಸಿ, 40 ಲಕ್ಷ ಸೂರ್ಯರಷ್ಟು ತೂಕದ ಕಪ್ಪುಕುಳಿಯನ್ನು ಪತ್ತೆಹಚ್ಚಿದ್ದಕ್ಕೇ ಆಂಡ್ರಿಯಾ ಗೆಜ್ ಮತ್ತು ರೈನ್‌ಹಾರ್ಡ್ ಗೆಂಜೆಲ್ 2020ರ ನೊಬೆಲ್‌ನಲ್ಲಿ ಪಾಲು ಪಡೆದದ್ದು.

ಬೈನಾಕ್ಯುಲರ್ ಇದ್ದರೆ ಬಾಣದ ತುದಿಯ ಸುತ್ತಲಿನ ಹೊಳಪಿಗೆ ಹಿಡಿಯಿರಿ. ಅಲ್ಲಿ ಧೂಳು ತೆಳು, ನಡುಭಾಗದ ಮುದಿ ನಕ್ಷತ್ರಗಳ ಬೆಳಕು ಹಣಕಿ ಹಾಕುತ್ತದೆ. ಕೊಂಡಿಯ ಕಡೆ ಸರಿದರೆ ಎಂ7 ಗುಚ್ಛದ ಬಿಡಿಬಿಡಿ ನಕ್ಷತ್ರಗಳು ಸಿಗುತ್ತವೆ. ಅವು ಸಾವಿರ ಜ್ಯೋತಿರ್ವರ್ಷದಷ್ಟೇ ದೂರ, ಹಿಂದಿನ ಮಬ್ಬು ಅದರ ಹತ್ತಾರು ಪಟ್ಟು ಆಚೆ. ಏಪ್ರಿಲ್‌ನಲ್ಲಿ ಮೋಡ ಅಡ್ಡಬಂದರೆ ಅಕ್ಟೋಬರ್‌ವರೆಗೆ ಕಾಯಿರಿ: ಕತ್ತಲಾದ ಕೂಡಲೇ ನೈರುತ್ಯದಲ್ಲಿ, ಎರಡು ಗಂಟೆಯ ಮಟ್ಟಿಗೆ, ಇದೇ ಭಾಗ ಮತ್ತೆ ಸಿಗುತ್ತದೆ.