ಇಪ್ಪತ್ತೈದು ಸುತ್ತುಗಳನ್ನು ನೋಡುವ ಬಗೆ: ಇಥಿಯೋಪಿಯಾದ ದೂರದೋಟಕ್ಕೊಂದು ಕೈಪಿಡಿ

ಇಥಿಯೋಪಿಯಾ ಮೊದಲ ಬಾರಿ ಒಲಿಂಪಿಕ್ಸ್‌ಗೆ ಬಂದದ್ದು 1956ರ ಮೆಲ್ಬರ್ನ್ ಕೂಟಕ್ಕೆ. ಅಂದಿನಿಂದ 2024ರ ಪ್ಯಾರಿಸ್‌ವರೆಗೆ ಆ ದೇಶ ಗೆದ್ದ ಪದಕಗಳೆಲ್ಲ ಓಟದವೇ. ಕುಸ್ತಿ, ಈಜು, ಜಿಗಿತ, ಎಸೆತ ಯಾವುದರಲ್ಲೂ ಒಂದೇ ಒಂದು ಪದಕವಿಲ್ಲ. ಇಪ್ಪತ್ತಕ್ಕೂ ಹೆಚ್ಚಿರುವ ಚಿನ್ನಗಳಂತೂ ಮೂರೇ ಸ್ಪರ್ಧೆಗಳಿಗೆ ಸೇರಿವೆ: 5,000 ಮೀಟರ್, 10,000 ಮೀಟರ್, ಮ್ಯಾರಥಾನ್. ಒಂದು ದೇಶದ ಕ್ರೀಡಾಶಕ್ತಿಯೆಲ್ಲ ಇಷ್ಟು ಕಿರಿದಾದ ಕಾಲುವೆಯಲ್ಲಿ ಹರಿದು ಇಷ್ಟು ಫಲ ಕೊಟ್ಟ ಉದಾಹರಣೆ ಅಪರೂಪ. ಈ ಮೂರರಲ್ಲಿ ಇಥಿಯೋಪಿಯಾದ ಓಟದ ಗುಣ ಪೂರ್ತಿಯಾಗಿ ಕಾಣುವುದು 10,000 ಮೀಟರಿನಲ್ಲಿ. ಹೊಸಬರು ಚಾನೆಲ್ ಬದಲಿಸಿಬಿಡುವುದೂ ಅದೇ ಓಟ ಬಂದಾಗ.

ನಾನೂರು ಮೀಟರಿನ ಟ್ರ್ಯಾಕನ್ನು ಇಪ್ಪತ್ತೈದು ಸಲ ಸುತ್ತಬೇಕು. ಪುರುಷರಲ್ಲಿ ಉತ್ತಮ ಓಟ 27 ನಿಮಿಷದ ಆಸುಪಾಸಿನಲ್ಲಿ ಮುಗಿಯುತ್ತದೆ, ಮಹಿಳೆಯರಲ್ಲಿ 30 ನಿಮಿಷದ ಆಸುಪಾಸಿನಲ್ಲಿ. ಹೊರನೋಟಕ್ಕೆ ಇಪ್ಪತ್ತು ನಿಮಿಷ ಏನೂ ನಡೆಯುವುದಿಲ್ಲ. ನಡೆಯುವುದೆಲ್ಲ ಸಣ್ಣದಾಗಿ ನಡೆಯುತ್ತದೆ, ಅದನ್ನು ಗುರುತಿಸಲು ಕಣ್ಣು ಪಳಗಬೇಕು. ಅದಕ್ಕೆ ಮೊದಲ ಸಾಧನ ಗಡಿಯಾರ. 27 ನಿಮಿಷದ ಓಟವೆಂದರೆ ಸುತ್ತಿಗೆ ಸುಮಾರು 65 ಸೆಕೆಂಡು. ಟಿವಿಯಲ್ಲಿ ಪ್ರತಿ ಸುತ್ತಿನ ಸಮಯ ಬರುತ್ತದೆ, ಬಾರದಿದ್ದರೆ ಕೈಗಡಿಯಾರ ಸಾಕು. 65, 65, 66 ಎಂದು ಬರುತ್ತಿದ್ದದ್ದು ಇದ್ದಕ್ಕಿದ್ದಂತೆ 62 ಆಯಿತೆಂದರೆ ಯಾರೋ ಉಳಿದವರನ್ನು ಪರೀಕ್ಷಿಸುತ್ತಿದ್ದಾರೆ. ಮರುಸುತ್ತು 67ಕ್ಕೆ ಇಳಿದರೆ ಪರೀಕ್ಷೆ ಮುಗಿಯಿತು, ಉತ್ತರ ಯಾರು ಕೊಟ್ಟರು, ಯಾರು ಕೊಡಲಿಲ್ಲ ಎಂದು ಗುಂಪಿನ ಹಿಂಭಾಗ ನೋಡಿದರೆ ತಿಳಿಯುತ್ತದೆ. ಸಮ ವೇಗದಲ್ಲಿ ಓಡುವುದು ಕಷ್ಟ, ವೇಗ ಏರಿಳಿಯುವ ಓಟದಲ್ಲಿ ಉಳಿದುಕೊಳ್ಳುವುದು ಅದಕ್ಕಿಂತ ಕಷ್ಟ. ಇಥಿಯೋಪಿಯಾದವರು ಈ ಏರಿಳಿತವನ್ನೇ ಆಯುಧ ಮಾಡಿಕೊಂಡವರು.

ಸಮಯವನ್ನೇ ದೊಡ್ಡದು ಮಾಡುವುದೂ ಸರಿಯಲ್ಲ. 2008ರ ಬೀಜಿಂಗ್‌ನಲ್ಲಿ ತಿರುನೇಶ್ ದಿಬಾಬಾ 10,000 ಮೀಟರನ್ನು 29 ನಿಮಿಷ 54.66 ಸೆಕೆಂಡಿಗೆ ಮುಗಿಸಿ ಒಲಿಂಪಿಕ್ ದಾಖಲೆ ಮಾಡಿದರು. ಕೆಲವೇ ದಿನಗಳ ಮೇಲೆ 5,000 ಮೀಟರಿನ ಚಿನ್ನವೂ ಅವರದಾಯಿತು. ಆದರೆ ಅದರ ಸಮಯ 15 ನಿಮಿಷ 41.40 ಸೆಕೆಂಡು, ಅಂದರೆ ಅವರೇ ಓಡಿದ ಹತ್ತು ಸಾವಿರದ ಅರ್ಧಕ್ಕಿಂತ ನಿಧಾನ. ಮೊದಲ ಸುತ್ತುಗಳಲ್ಲಿ ಯಾರೂ ಮುಂದೆ ಹೋಗಲು ಒಪ್ಪದೆ ಫೈನಲ್ ಓಟ ಬೆಳಗಿನ ಜಾಗಿಂಗಿನಂತೆ ಸಾಗಿತ್ತು. ಒಲಿಂಪಿಕ್ಸ್‌ನಲ್ಲಿ ಪದಕ ಸ್ಥಾನಕ್ಕೆ ಸಿಗುತ್ತದೆ, ಸಮಯಕ್ಕಲ್ಲ. ಹಣದ ಕೂಟಗಳಲ್ಲಿರುವಂತೆ ವೇಗ ಕಾಯ್ದುಕೊಡುವ ಬಾಡಿಗೆ ಓಟಗಾರರೂ ಇಲ್ಲಿಲ್ಲ. ಹಾಗಾಗಿ ನಿಧಾನದ ಓಟ ಕೆಟ್ಟ ಓಟವಲ್ಲ. ಅದು ಕೊನೆಯ ಎರಡು ಸುತ್ತುಗಳಲ್ಲಿ ಯಾರಿಗೆ ಧೈರ್ಯವಿದೆ ಎಂದು ಎಲ್ಲರೂ ಒಬ್ಬರನ್ನೊಬ್ಬರು ಅಳೆಯುವ ಓಟ.

ಗಡಿಯಾರದ ನಂತರ ನೋಡಬೇಕಾದದ್ದು ಜಾಗ. ಟ್ರ್ಯಾಕಿನ ಒಳಅಂಚಿಗೆ ಅಂಟಿಕೊಂಡವರು ಅತಿ ಕಡಿಮೆ ದೂರ ಓಡುತ್ತಾರೆ. ಒಂದು ಲೇನಿನಷ್ಟು ಹೊರಗೆ ಓಡಿದರೆ ಸುತ್ತಿಗೆ ಸುಮಾರು ಏಳೂವರೆ ಮೀಟರ್ ಹೆಚ್ಚಾಗುತ್ತದೆ. ಇಪ್ಪತ್ತೈದು ಸುತ್ತಿಗೆ ಅದು ಹತ್ತಿರಹತ್ತಿರ ಅರ್ಧ ಸುತ್ತು. ಆದರೆ ಒಳಅಂಚಿನಲ್ಲಿ ಸಿಕ್ಕಿಕೊಂಡರೆ ಮುಂದೊಬ್ಬ, ಪಕ್ಕದಲ್ಲೊಬ್ಬ. ಯಾರಾದರೂ ಸಿಡಿದು ಹೊರಟಾಗ ಹಿಂಬಾಲಿಸಲು ದಾರಿಯಿಲ್ಲ. ಮುಂದಿರುವವರಿಗೆ ಗಾಳಿಯ ಹೊಡೆತ, ಹಿಂದಿರುವವರಿಗೆ ಎಡವುವ ಭಯ. ಅನುಭವಿಗಳು ಎರಡನೆಯ ಅಥವಾ ಮೂರನೆಯ ಸ್ಥಾನದಲ್ಲಿ, ಮುಂದಿನವರ ಭುಜದ ಹೊರಗೆ ನಿಲ್ಲುವುದು ಇದಕ್ಕೇ. ಭುಜ ಕಿವಿಯತ್ತ ಏರುವುದು, ತಲೆ ಓಲಾಡುವುದು, ಪಾದದ ಸದ್ದು ಜೋರಾಗುವುದು ದಣಿವಿನ ಗುರುತುಗಳು. ಹೈಲೆ ಗೆಬ್ರೆಸೆಲಾಸಿ ಅವರ ಎಡಗೈ ಮಾತ್ರ ಸದಾ ಮಡಿಚಿಕೊಂಡು ವಕ್ರವಾಗಿ ಇರುತ್ತಿತ್ತು. ಅಸೆಲ್ಲಾ ಬಳಿಯ ಹೊಲದ ಮನೆಯಿಂದ ಶಾಲೆಗೆ ಪುಸ್ತಕ ಅವುಚಿಕೊಂಡು ದಿನವೂ ಓಡಿ ಹೋಗುತ್ತಿದ್ದುದರಿಂದ ಬಂದ ಅಭ್ಯಾಸವೆಂದು ಹೇಳುತ್ತಾರೆ. ಅದು ದಣಿವಲ್ಲ, ಗುರುತು.

ಒಂದು ದೇಶದಿಂದ ಒಂದು ಸ್ಪರ್ಧೆಗೆ ಹೆಚ್ಚೆಂದರೆ ಮೂವರು. ಹಸಿರು, ಹಳದಿ, ಕೆಂಪಿನ ಆ ಮೂರು ಅಂಗಿಗಳನ್ನು ಒಟ್ಟಿಗೆ ಗಮನಿಸಿದರೆ ಓಟ ಬೇರೆಯೇ ಆಗಿ ಕಾಣುತ್ತದೆ. 1980ರ ಮಾಸ್ಕೋದಲ್ಲಿ ಮಿರುಟ್ಸ್ ಯಿಫ್ಟರ್, ಮೊಹಮ್ಮದ್ ಕೆದಿರ್, ತೊಲೊಸ್ಸಾ ಕೊಟು ಸರದಿಯಂತೆ ವೇಗ ಏರಿಸಿ ಇಳಿಸಿ ಉಳಿದವರ ಕಾಲು ಸೋಲಿಸಿದರು. ಫಿನ್ಲೆಂಡಿನ ಲಾಸ್ಸೆ ವಿರೆನ್ ಹಿಂದಿನ ಎರಡು ಒಲಿಂಪಿಕ್ಸ್‌ಗಳಲ್ಲಿ ಇದೇ ಓಟ ಗೆದ್ದಿದ್ದವರು, ಅಂದು ಐದನೆಯವರಾದರು. ಮಿರುಟ್ಸ್‌ಗೆ ಚಿನ್ನ, ಕೆದಿರ್‌ಗೆ ಕಂಚು, ಕೊಟುಗೆ ನಾಲ್ಕನೆಯ ಸ್ಥಾನ.

2004ರ ಅಥೆನ್ಸ್‌ನಲ್ಲಿ ತಂಡದ ಇನ್ನೊಂದು ಮುಖ ಕಂಡಿತು. ಹಿಂದಿನ ಎರಡು ಒಲಿಂಪಿಕ್ಸ್‌ಗಳ ವಿಜೇತ ಹೈಲೆ ಹಿಮ್ಮಡಿಯ ನೋವಿನಲ್ಲಿದ್ದರು. ಮುಂದಿದ್ದ ಕೆನೆನಿಸಾ ಬೆಕೆಲೆ ಮತ್ತು ಸಿಲೆಶಿ ಸಿಹಿನೆ ಮತ್ತೆ ಮತ್ತೆ ಹಿಂತಿರುಗಿ ನೋಡಿ, ಹಿರಿಯರು ಗುಂಪಿಗೆ ಬಂದು ಸೇರಲೆಂದು ವೇಗ ತಗ್ಗಿಸಿದರು. ಒಲಿಂಪಿಕ್ ಫೈನಲ್‌ನಲ್ಲಿ ಇಂಥದ್ದು ನಡೆಯುವುದೇ ಇಲ್ಲ. ಹೈಲೆಗೆ ಆಗಲಿಲ್ಲ, ಐದನೆಯವರಾದರು. ಇನ್ನು ಕಾಯುವುದು ವ್ಯರ್ಥವೆಂದು ಖಚಿತವಾದ ಮೇಲೆ ಕೆನೆನಿಸಾ ಹೊರಟು ಚಿನ್ನ ತಂದರು, ಬೆಳ್ಳಿ ಸಿಲೆಶಿಗೆ. ಈ ಓಟವನ್ನು ಫಲಿತಾಂಶ ಮಾತ್ರ ಓದಿ ಬಿಟ್ಟವರು ಅದರ ಮುಖ್ಯ ಭಾಗವನ್ನೇ ಕಳೆದುಕೊಂಡಂತೆ.

ತಂಡದ ಯೋಜನೆ ಸದಾ ಕೈಹಿಡಿಯುವುದಿಲ್ಲ. ಕೊರೊನಾದಿಂದ 2021ಕ್ಕೆ ಹೋದ ಟೋಕಿಯೋ ಕೂಟದಲ್ಲಿ ಉಗಾಂಡಾದ ಸ್ಟೀಫನ್ ಕಿಸ್ಸಾ ಒಬ್ಬರೇ ಮುಂದೆ ಓಡಿ ಗುಂಪನ್ನು ಎಳೆಯಲು ನೋಡಿದರು. ಗುಂಪು ಮರುಳಾಗಲಿಲ್ಲ, ಕಿಸ್ಸಾ ಓಟ ಮುಗಿಸಲೂ ಇಲ್ಲ. ಕಾದು ಕುಳಿತ ಇಥಿಯೋಪಿಯಾದ ಸೆಲೆಮೊನ್ ಬರೆಗಾ ಕೊನೆಯ ಸುತ್ತನ್ನು ಸುಮಾರು 54 ಸೆಕೆಂಡಿಗೆ ಓಡಿ ಚಿನ್ನ ಗೆದ್ದರು. ಮೂರು ವರ್ಷದ ಮೇಲೆ ಪ್ಯಾರಿಸ್‌ನಲ್ಲಿ ಪಾತ್ರಗಳು ಅದಲುಬದಲಾದವು. ಬರೆಗಾ, ಬೆರಿಹು ಅರೆಗಾವಿ, ಯೊಮಿಫ್ ಕೆಜೆಲ್ಚಾ ಮೂವರೂ ಆರಂಭದಿಂದಲೇ ಸರದಿಯಲ್ಲಿ ಮುಂದಾಳಾಗಿ ಬಿರುಸಿನ ವೇಗ ಇಟ್ಟರು. ಆದರೂ ಗುಂಪು ಚದುರಲಿಲ್ಲ. ಉಗಾಂಡಾದ ಜೋಶುವಾ ಚೆಪ್ಟೆಗೈ ಅವರ ಬೆನ್ನಿಗೆ ಕಾದು 26 ನಿಮಿಷ 43.14 ಸೆಕೆಂಡಿನ ಒಲಿಂಪಿಕ್ ದಾಖಲೆಯೊಂದಿಗೆ ಗೆದ್ದರು. ಬೆಳ್ಳಿಗೆ ತಲುಪಿದ ಅರೆಗಾವಿ ಹಿಂದಿದ್ದದ್ದು 0.30 ಸೆಕೆಂಡು. ಎದುರಾಳಿಗಳೆಲ್ಲ ಬಲ್ಲವರಾದಾಗ ಬರೀ ವೇಗ ಸಾಲದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಪಾಠವಿಲ್ಲ.

ಕೊನೆಯ ಸುತ್ತಿಗೆ ಗಂಟೆ ಬಾರಿಸುತ್ತಾರೆ. ಇಥಿಯೋಪಿಯಾದ ಓಟದ ಕೀರ್ತಿ ಹೆಚ್ಚಾಗಿ ನಿಂತಿರುವುದು ಆ ಗಂಟೆಯ ನಂತರದ ನಾನೂರು ಮೀಟರಿನ ಮೇಲೆ. ಮಿರುಟ್ಸ್ ಮಾಸ್ಕೋದಲ್ಲಿ 300 ಮೀಟರ್ ಉಳಿದಿದ್ದಾಗ ಒಂದೇ ಏಟಿಗೆ ವೇಗ ಬದಲಿಸಿದ ರೀತಿಗೆ ಇಂಗ್ಲಿಷ್ ಪತ್ರಿಕೆಗಳು ಪ್ರಾಸ ಸೇರಿಸಿ ‘ಯಿಫ್ಟರ್ ದಿ ಶಿಫ್ಟರ್’ ಎಂದು ಹೆಸರಿಟ್ಟವು. ಆ ಕೂಟದಲ್ಲಿ ಅವರು 5,000 ಮೀಟರನ್ನೂ ಗೆದ್ದರು. ಕೆನೆನಿಸಾ ಒಂಬತ್ತು ಸಾವಿರದ ಆರುನೂರು ಮೀಟರ್ ಓಡಿದ ಮೇಲೆ ಕೊನೆಯ ಸುತ್ತನ್ನು 53 ಸೆಕೆಂಡಿನ ಆಸುಪಾಸಿನಲ್ಲಿ ಮುಗಿಸಬಲ್ಲವರಾಗಿದ್ದರು. ವಿಶ್ರಾಂತಿ ಪಡೆದ ಕಾಲಿನಲ್ಲಿ ಬರೀ 400 ಮೀಟರನ್ನು ಅಷ್ಟು ಸಮಯಕ್ಕೆ ಓಡಿದರೆ ಎಷ್ಟೋ ಕಾಲೇಜು ಕ್ರೀಡಾಕೂಟಗಳಲ್ಲಿ ಪದಕ ಬರುತ್ತದೆ.

ಈ ಬಗೆಯ ಅಂತ್ಯಕ್ಕೆ ಶ್ರೇಷ್ಠ ಉದಾಹರಣೆ 2000ದ ಸಿಡ್ನಿ. ಕೆನ್ಯಾದ ಪಾಲ್ ತೆರ್ಗಾತ್ ನಾಲ್ಕು ವರ್ಷದ ಹಿಂದೆ ಅಟ್ಲಾಂಟಾದಲ್ಲಿ ಹೈಲೆಗೆ ಸೋತಿದ್ದರು. ಸಿಡ್ನಿಯಲ್ಲಿ ಅವರು ಕೊನೆಯ ಸುತ್ತಿನ ಹಿಂಬದಿಯ ನೇರದಲ್ಲೇ ಸಿಡಿದು ಅಂತರ ಪಡೆದರು. ಹೈಲೆ ಅವರಿಗಿಂತ ಕುಳ್ಳು, ದಾಪುಗಾಲೂ ಚಿಕ್ಕದು. ತಿರುವು ದಾಟಿ ಕೊನೆಯ ನೇರಕ್ಕೆ ಬಂದಾಗಲೂ ತೆರ್ಗಾತ್ ಮುಂದಿದ್ದರು. ಗೆರೆಗೆ ಕೆಲವೇ ಹೆಜ್ಜೆ ಇರುವಾಗ ಹೈಲೆ ಪಕ್ಕಕ್ಕೆ ಬಂದರು, ಮುಟ್ಟುವಾಗ 0.09 ಸೆಕೆಂಡು ಮುಂದಿದ್ದರು. ಅದೇ ಕೂಟದ ಪುರುಷರ 100 ಮೀಟರ್ ಫೈನಲ್‌ನಲ್ಲಿ ಮೊದಲಿಗರಿಗೂ ಎರಡನೆಯವರಿಗೂ ಇದ್ದ ಅಂತರ 0.12 ಸೆಕೆಂಡು. ನೂರು ಪಟ್ಟು ಉದ್ದದ ಓಟ ಅದಕ್ಕಿಂತ ಬಿಗಿಯಾಗಿ ಮುಗಿದಿತ್ತು.

ಎಲ್ಲರೂ ಗಂಟೆಗೆ ಕಾಯುವವರಲ್ಲ. 2016ರ ರಿಯೊದಲ್ಲಿ ಅಲ್ಮಾಜ್ ಅಯಾನಾ ಅರ್ಧ ದಾರಿ ದಾಟುತ್ತಿದ್ದಂತೆ ಒಬ್ಬರೇ ಮುಂದೆ ಹೋಗಿ 29 ನಿಮಿಷ 17.45 ಸೆಕೆಂಡಿಗೆ ಮುಗಿಸಿದರು. ಚೀನಾದ ವಾಂಗ್ ಜುನ್‌ಶಿಯಾ 1993ರಲ್ಲಿ ಮಾಡಿದ್ದ ವಿಶ್ವದಾಖಲೆ 14 ಸೆಕೆಂಡಿಗೂ ಹೆಚ್ಚು ಕಡಿತಗೊಂಡಿತು. ಇಂಥ ಓಟದಲ್ಲಿ ಮುಂದಿರುವವರನ್ನಷ್ಟೇ ನೋಡುತ್ತಿದ್ದರೆ ಬೇಸರವಾಗುತ್ತದೆ. ಹಿಂದಿರುವವರು ಯಾವ ಸುತ್ತಿನಲ್ಲಿ ಚಿನ್ನದ ಆಸೆ ಬಿಟ್ಟು ಬೆಳ್ಳಿಗೆ ಓಡತೊಡಗುತ್ತಾರೆ ಎಂಬುದನ್ನು ಗಮನಿಸಬೇಕು.

1992ರ ಬಾರ್ಸಿಲೋನಾದ ಮಹಿಳೆಯರ ಓಟ ಇವೆರಡರ ನಡುವಿನದು. ದಕ್ಷಿಣ ಆಫ್ರಿಕಾದ ಎಲಾನಾ ಮೆಯೆರ್ ಗುಂಪು ಬಿಟ್ಟು ಮುಂದೆ ಹೋದಾಗ ಜೊತೆಗೆ ಹೋದವರು ದೆರಾರ್ತು ತುಲು ಒಬ್ಬರೇ. ಸುತ್ತು ಸುತ್ತಿಗೂ ಅವರ ನೆರಳಿನಲ್ಲಿ ಓಡಿ, ಗಂಟೆಯ ಹೊತ್ತಿಗೆ ದಾಟಿದರು. ಒಲಿಂಪಿಕ್ ಚಿನ್ನ ಗೆದ್ದ ಮೊದಲ ಕಪ್ಪು ಆಫ್ರಿಕನ್ ಮಹಿಳೆ ಅವರು. ವರ್ಣಭೇದದ ಕಾರಣಕ್ಕೆ ದಶಕಗಳ ಕಾಲ ಹೊರಗಿದ್ದ ದಕ್ಷಿಣ ಆಫ್ರಿಕಾ ಮರಳಿ ಬಂದ ಕೂಟವದು. ಬಿಳಿಯ ಮೆಯೆರ್ ಮತ್ತು ಕಪ್ಪು ದೆರಾರ್ತು ಕೈಹಿಡಿದು ಗೆಲುವಿನ ಸುತ್ತು ಓಡಿದರು.

ಮ್ಯಾರಥಾನ್ ನೋಡುವ ಬಗೆ ಬೇರೆ, ಅಲ್ಲಿ ಏರು, ಬಿಸಿಲು, ನೀರು ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಇಥಿಯೋಪಿಯಾದ ಕಥೆ ಶುರುವಾದದ್ದೇ ಅಲ್ಲಿ. 1960ರ ರೋಮ್‌ನಲ್ಲಿ ಅಬೆಬೆ ಬಿಕಿಲಾ ಬರಿಗಾಲಿನಲ್ಲಿ ಓಡಿ 2 ಗಂಟೆ 15 ನಿಮಿಷ 16.2 ಸೆಕೆಂಡಿಗೆ ಗೆದ್ದರು. ಬರಿಗಾಲಿನ ಚಿತ್ರ ಎಷ್ಟು ಹಬ್ಬಿತೆಂದರೆ ಅವರನ್ನು ಏನೂ ಅರಿಯದ ಹಳ್ಳಿಗನೆಂದು ಬಣ್ಣಿಸುವುದು ರೂಢಿಯಾಯಿತು. ಅದು ತಪ್ಪು ಚಿತ್ರ. ಅವರು ಚಕ್ರವರ್ತಿಯ ಅಂಗರಕ್ಷಕ ದಳದ ಸೈನಿಕ; ಸ್ವೀಡನ್ನಿನ ಓನಿ ನಿಸ್ಕಾನೆನ್ ಅವರಲ್ಲಿ ಪದ್ಧತಿಯಂತೆ ತರಬೇತಿ ಪಡೆದವರು. ಸಿಕ್ಕ ಬೂಟು ಕಾಲಿಗೆ ಹೊಂದದ ಕಾರಣ ಬರಿಗಾಲಿನಲ್ಲಿ ಓಡಿದರು. ದಾರಿಯಲ್ಲಿ ಅಕ್ಸುಮ್‌ನ ಕಲ್ಲಿನ ಸ್ತಂಭವಿತ್ತು. ಮುಸೊಲಿನಿಯ ಸೇನೆ ಇಥಿಯೋಪಿಯಾವನ್ನು ಆಕ್ರಮಿಸಿದಾಗ ಕಿತ್ತು ತಂದು ರೋಮ್‌ನಲ್ಲಿ ನಿಲ್ಲಿಸಿದ್ದು ಅದು. ಬಿಕಿಲಾ ಮೊರಾಕ್ಕೋದ ಎದುರಾಳಿಯನ್ನು ಹಿಂದೆ ಹಾಕಿದ್ದು ಅದರ ಆಸುಪಾಸಿನಲ್ಲೇ. ಸ್ತಂಭ ತಾಯ್ನಾಡಿಗೆ ಮರಳಿದ್ದು 2005ರಲ್ಲಿ. 1964ರ ಟೋಕಿಯೋದಲ್ಲಿ ಅವರು ಬೂಟು ತೊಟ್ಟು, ಅಪೆಂಡಿಕ್ಸ್ ಶಸ್ತ್ರಚಿಕಿತ್ಸೆಯಾದ ಆರು ವಾರಗಳೊಳಗೆ, ಮತ್ತೆ ಗೆದ್ದರು. ಗೆರೆ ದಾಟಿ ಹುಲ್ಲಿನ ಮೇಲೆ ಕಸರತ್ತು ಮಾಡಿದರು. ಒಲಿಂಪಿಕ್ ಮ್ಯಾರಥಾನನ್ನು ಎರಡು ಸಲ ಗೆದ್ದ ಮೊದಲಿಗರು ಅವರೇ. 1968ರ ಮೆಕ್ಸಿಕೋದಲ್ಲಿ ಗಾಯದಿಂದ ಅವರು ನಡುವೆ ಬಿಟ್ಟಾಗ ಚಿನ್ನ ಮಾಮೊ ವೊಲ್ದೆ ಅವರದಾಯಿತು. ಪ್ಯಾರಿಸ್‌ನಲ್ಲಿ ಗೆದ್ದ ತಾಮಿರತ್ ತೊಲಾ ಮೊದಲು ಮೀಸಲು ಓಟಗಾರ. ಸಿಸಾಯ್ ಲೆಮ್ಮಾ ಗಾಯಗೊಂಡದ್ದರಿಂದ ಅವಕಾಶ ಸಿಕ್ಕಿತು. ಆ ಏರಿಳಿತದ ದಾರಿಯಲ್ಲಿ ಅವರು 2 ಗಂಟೆ 6 ನಿಮಿಷ 26 ಸೆಕೆಂಡಿನ ಒಲಿಂಪಿಕ್ ದಾಖಲೆ ಮಾಡಿದರು.

ಪದಕಪಟ್ಟಿ ಓದುವಾಗ ಖಾಲಿ ಜಾಗಗಳನ್ನೂ ಓದಬೇಕು. 1976, 1984, 1988ರ ಮೂರು ಕೂಟಗಳನ್ನು ಇಥಿಯೋಪಿಯಾ ಬಹಿಷ್ಕರಿಸಿತು. ಮಿರುಟ್ಸ್ ಅವರ ಉತ್ತಮ ವರ್ಷಗಳು ಹಾಗೆಯೇ ಕಳೆದವು. ಮಾಸ್ಕೋ ಇಲ್ಲದಿದ್ದರೆ ಅವರ ಹೆಸರು 1972ರ ಒಂದು ಕಂಚಿನ ಪದಕಕ್ಕೆ ಮುಗಿಯುತ್ತಿತ್ತು.

ಇಷ್ಟು ಓಟಗಾರರು ಎಲ್ಲಿಂದ ಬರುತ್ತಾರೆ ಎಂಬುದಕ್ಕೆ ಸಿದ್ಧ ಉತ್ತರ ಎತ್ತರ. ಅಡಿಸ್ ಅಬಾಬ ಸಮುದ್ರಮಟ್ಟದಿಂದ ಸುಮಾರು 2,350 ಮೀಟರ್ ಮೇಲಿದೆ, ಅರ್ಸಿ ಪ್ರಾಂತ್ಯದ ಬೆಕೊಜಿ ಸುಮಾರು 2,800 ಮೀಟರ್. ತೆಳುಗಾಳಿಯಲ್ಲಿ ಬದುಕುವ ದೇಹ ಆಮ್ಲಜನಕ ಹೊರುವ ಕೆಂಪು ರಕ್ತಕಣಗಳನ್ನು ಹೆಚ್ಚು ಉತ್ಪಾದಿಸುತ್ತದೆ. ಆದರೆ ಎತ್ತರದ ಊರುಗಳು ಜಗತ್ತಿನಲ್ಲಿ ಬೇಕಾದಷ್ಟಿವೆ, ಬೆಕೊಜಿ ಒಂದೇ ಇದೆ. ದೆರಾರ್ತು, ಕೆನೆನಿಸಾ, ತಿರುನೇಶ್, ಮ್ಯಾರಥಾನ್ ಗೆದ್ದ ಫಾತುಮಾ ರೋಬಾ ಮತ್ತು ತಿಕಿ ಗೆಲಾನಾ ಎಲ್ಲ ಆ ಸಣ್ಣ ಊರು, ಅದರ ಸುತ್ತಿನವರು. ಅಲ್ಲಿ ಸೆಂತಾಯೆಹು ಎಶೆತು ಎಂಬ ಶಾಲಾ ಮಾಸ್ತರರು ಮಕ್ಕಳನ್ನು ಓಡಿಸುತ್ತ ಬಂದರು. ಸೈನ್ಯ, ಬ್ಯಾಂಕು, ವಿದ್ಯುತ್ ಸಂಸ್ಥೆಗಳ ಕ್ಲಬ್ಬುಗಳು ಓಟಗಾರರಿಗೆ ಸಂಬಳ ಕೊಟ್ಟವು. ಹೊಲದ ಮನೆಯ ಹುಡುಗಿಗೆ ಓಟ ಜೀವನೋಪಾಯವಾಗಬಲ್ಲದು ಎಂಬುದಕ್ಕೆ ಪಕ್ಕದ ಮನೆಯಲ್ಲೇ ಸಾಕ್ಷಿ ಇತ್ತು. ಎತ್ತರಕ್ಕಿಂತ ಇದೇ ದೊಡ್ಡ ಕಾರಣ.

ಅಭ್ಯಾಸದ ಕ್ರಮವೂ ಓಟದಲ್ಲಿ ಕಾಣುತ್ತದೆ. ಅಡಿಸ್ ಅಬಾಬ ಬಳಿಯ ಎಂತೊಟೊ ಗುಡ್ಡದ ನೀಲಗಿರಿ ಮರಗಳ ನಡುವೆ ಓಟಗಾರರು ಸಾಲಾಗಿ, ಮುಂದಿನವರ ಪಾದದ ಮೇಲೆ ಕಣ್ಣಿಟ್ಟು, ಅಂಕುಡೊಂಕಾಗಿ ಓಡುತ್ತಾರೆ. ಸರದಿಯಂತೆ ಮುಂದಾಳು ಬದಲಾಗುತ್ತಾರೆ. ಒಬ್ಬರೇ ಓಡುವುದನ್ನು ಅಲ್ಲಿ ಅಷ್ಟಾಗಿ ಮೆಚ್ಚುವುದಿಲ್ಲ. ಸ್ಟೇಡಿಯಮ್ಮಿನಲ್ಲಿ ಮೂವರು ಒಂದೇ ಲಯದಲ್ಲಿ ಹೆಜ್ಜೆ ಹಾಕುವುದು ಕಂಡಾಗ ಈ ಕಾಡನ್ನು ನೆನೆಯಬಹುದು.

ವೀಕ್ಷಕವಿವರಣೆ ಕೇಳುವವರಿಗೆ ಒಂದು ಸೂಚನೆ: ಇಥಿಯೋಪಿಯಾದಲ್ಲಿ ಮನೆತನದ ಹೆಸರಿಲ್ಲ, ಎರಡನೆಯ ಹೆಸರು ತಂದೆಯದು. ಹಾಗಾಗಿ ಎರಡನೆಯ ಹೆಸರು ಒಂದೇ ಆಗಿರುವ ಇಬ್ಬರು ನೆಂಟರಾಗಬೇಕಿಲ್ಲ. ಇನ್ನೊಂದು: ನೆದರ್ಲೆಂಡಿನ ಅಂಗಿ ತೊಟ್ಟು ಪ್ಯಾರಿಸ್‌ನ ಮಹಿಳಾ ಮ್ಯಾರಥಾನ್ ಗೆದ್ದ ಸಿಫಾನ್ ಹಸನ್ ಹುಟ್ಟಿದ್ದು ಇಥಿಯೋಪಿಯಾದ ಅದಾಮಾದಲ್ಲಿ. ಅಂದು ಅವರ ಹಿಂದೆ ಬೆಳ್ಳಿ ಗೆದ್ದವರು ಇಥಿಯೋಪಿಯಾದ ತಿಗ್ಸ್ತ್ ಅಸೆಫಾ.

ಹೊಸಬರು ಸಿಡ್ನಿಯ 10,000 ಮೀಟರಿನಿಂದ ಆರಂಭಿಸುವುದು ಒಳ್ಳೆಯದು, ಕೊನೆಯ ಸುತ್ತಿಗೆ ಹಾರದೆ ಇಪ್ಪತ್ತೈದನ್ನೂ ನೋಡಬೇಕು. ಆಮೇಲೆ ಅಥೆನ್ಸ್, ಆಮೇಲೆ ಪ್ಯಾರಿಸ್. ತಾಳ್ಮೆ ಬೇಡುವ ಬೀಜಿಂಗ್‌ನ ಮಹಿಳೆಯರ 5,000 ಮೀಟರನ್ನು ಕೊನೆಗೆ ಇಟ್ಟುಕೊಳ್ಳಬಹುದು. ಕಣ್ಣಾರೆ ನೋಡಬಯಸುವವರಿಗೆ ಬೆಂಗಳೂರೇ ಇದೆ. 2008ರಲ್ಲಿ ಆರಂಭವಾದ ಹತ್ತು ಕಿಲೋಮೀಟರ್ ರಸ್ತೆ ಓಟಕ್ಕೆ ಇಥಿಯೋಪಿಯಾ, ಕೆನ್ಯಾಗಳ ಓಟಗಾರರು ಬರುತ್ತಾರೆ. ಮುಂಚೂಣಿಯ ಗುಂಪು ಎದುರಿನಿಂದ ಹಾದುಹೋಗಲು ಕೆಲವೇ ಸೆಕೆಂಡು ಸಾಕು. ಏರು ಇರುವ ಕಡೆ, ಬೆಳಿಗ್ಗೆ ಬೇಗ ಹೋಗಿ ನಿಲ್ಲಬೇಕು.